ಪಿಂಕಿಯ ಗುಂಡು ಮುಖ ಉದ್ದ ಆಗಿದ್ದು ಹೇಗೆ?

ಪ್ರಶ್ನೆ: ಸರ್, ನನಗೆ 47 ವರ್ಷ, ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಚಿಕ್ಕಪ್ಪ ಇಂಗ್ಲೆಂಡಿನಲ್ಲಿ ಎರಡು ವರ್ಷ ಕೆಲಸ ಮಾಡಿ 1989ರಲ್ಲಿ ವಾಪಸ್ ಬರುವಾಗ ಅಮಿಗಾ 500 ಕಂಪ್ಯೂಟರ್ ತಂದಿದ್ದರು. ಅದನ್ನು ಹಾಲ್‌ನಲ್ಲಿದ್ದ ಕಲರ್ ಟಿವಿಗೆ ಜೋಡಿಸಿ ನಾನು, ನಮ್ಮಣ್ಣ ಒಂದೇ ಆಟ ಆಡ್ತಿದ್ದೆವು: 'ದಿ ಕಿಂಗ್ ಆಫ್ ಶಿಕಾಗೋ'. ಗ್ಯಾಂಗ್‌ಸ್ಟರ್ ಸಿನಿಮಾದ ಹಾಗೆ ಇರುವ ಆಟ. ಅದು ಮೂಕಿ ಚಿತ್ರ, ಶಬ್ದವೇ ಇಲ್ಲ. ಇಂಗ್ಲಿಷ್ ಅರ್ಧ ಅರ್ಥ ಆಗ್ತಿರಲಿಲ್ಲ, ಹಾಗಾಗಿ ಅಣ್ಣ ಆಟದ ನಾಯಕ ಪಿಂಕಿಗೆ, ನಾನು ಅವನ ಗೆಳತಿ ಲೋಲಾಗೆ ಕನ್ನಡದಲ್ಲಿ ಮಾತು ಹಾಕ್ತಿದ್ದೆವು. ಪ್ರತಿ ಸಲ ಕತೆ ಬೇರೆ. ಕಂಪ್ಯೂಟರು ನಮ್ಮ ಬುದ್ಧಿ ನೋಡಿ ಕತೆ ಬದಲಾಯಿಸ್ತದೆ ಅಂತ ಅಣ್ಣ ಹೇಳ್ತಿದ್ದ. ಹೋದ ತಿಂಗಳು ಒಂದು ಸೈಟಿನಿಂದ ಅದೇ ಆಟ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ಆಡಿದೆ. ಇದು ಅದೇ ಆಟ ಅಂತ ನಂಬೋಕೇ ಆಗ್ತಿಲ್ಲ. ಸಂಗೀತ ಇದೆ. ಎಲ್ಲವೂ ಬೇಗ ಬೇಗ ಓಡುತ್ತದೆ. ಪಿಂಕಿಯದು ಗುಂಡು ಮುಖ ಅಂತ ನನ್ನ ನೆನಪು, ಇಲ್ಲಿ ಉದ್ದ ಮುಖ. ಮುಕ್ಕಾಲು ಗಂಟೆಯಲ್ಲಿ ಮುಗಿದೇ ಹೋಯಿತು. ನಾವು ಆಡಿದ್ದು ಬೇರೆ ಆವೃತ್ತಿಯಾ? ಚಿಕ್ಕಪ್ಪನ ಮೂಲ ಡಿಸ್ಕುಗಳು, ಕೈಯಲ್ಲಿ ಹೆಸರು ಬರೆದ ಒಂದು ಕಾಪಿ, ಆ ಕಂಪ್ಯೂಟರು ಎಲ್ಲಾ ಅಟ್ಟದ ಮೇಲಿವೆ. ಅವು ಈಗಲೂ ಓಡುತ್ತವಾ? ಇಳಿಸಿಕೊಂಡ ಆಟದಿಂದ ಲ್ಯಾಪ್‌ಟಾಪಿಗೆ ವೈರಸ್ ಬರುತ್ತಾ? 13 ವರ್ಷದ ಮಗನಿಗೆ ತೋರಿಸಬಹುದಾ?

ಉತ್ತರ: ಮೊದಲು ನಿಮ್ಮ ನೆನಪಿನ ವಿಷಯ. ಅದು ಸರಿಯಾಗಿಯೇ ಇದೆ. ನನ್ನ ಕೆಲಸ ಹಳೆಯ ಡಿಸ್ಕು, ಟೇಪುಗಳಿಂದ ಮಾಹಿತಿ ಎತ್ತಿ ಕೊಡುವುದು. ಬರುವವರಲ್ಲಿ ಜಾಸ್ತಿ ಜನ "ಆಗ ಎಷ್ಟು ಚೆನ್ನಾಗಿತ್ತು, ಈಗ ಯಾಕೆ ಹೀಗೆ" ಅಂತಲೇ ಮಾತು ಶುರು ಮಾಡುತ್ತಾರೆ. ಬಾಲ್ಯದ ಬಣ್ಣ ಅಂತ ಹೇಳಿ ಅವರನ್ನು ಸುಮ್ಮನಾಗಿಸುವುದು ಸುಲಭ. ಆದರೆ ನೀವು ಬರೆದ ಮೂರು ಸಂಗತಿಗಳಿಗೆ, ಶಬ್ದ ಇಲ್ಲದ್ದು, ನಿಧಾನ, ಗುಂಡು ಮುಖ, ಮೂರಕ್ಕೂ ಎಂಜಿನಿಯರಿಂಗ್ ಕಾರಣ ಇದೆ. ಓದುತ್ತಿದ್ದ ಹಾಗೇ ನನಗೆ ನಗು ಬಂತು. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇತ್ತು: ಇಂಗ್ಲೆಂಡಿನ ಕಂಪ್ಯೂಟರು, ಅಮೆರಿಕದ ಆಟ, ಮೈಸೂರಿನ ಟಿವಿ.

ಶಬ್ದದಿಂದ ಶುರು ಮಾಡೋಣ. ಆಟ ಮೂಕಿ ಆಗಿರಲಿಲ್ಲ. ಅಮಿಗಾ 500ಕ್ಕೆ ಮಾಮೂಲಿ ಟಿವಿಯಲ್ಲಿ ಬಣ್ಣದ ಚಿತ್ರ ಬರಬೇಕು ಅಂದರೆ ಎ520 ಅನ್ನುವ ಪುಟ್ಟ ಡಬ್ಬಿ ಬೇಕಿತ್ತು. ಅದು ಚಿತ್ರ, ಶಬ್ದ ಎರಡನ್ನೂ ಒಂದು ಟಿವಿ ಚಾನೆಲ್ ಥರ ಮಾಡಿ ಆಂಟೆನಾ ತೂತಿಗೆ ಕಳಿಸುತ್ತಿತ್ತು. ಇಂಗ್ಲೆಂಡ್, ಭಾರತ ಎರಡೂ ಕಡೆ ಪಾಲ್ ಅನ್ನುವ ಟಿವಿ ಪದ್ಧತಿಯೇ ಇತ್ತು, ಹಾಗಾಗಿ ಚಿತ್ರ ಬಂತು, ಬಣ್ಣವೂ ಬಂತು. ಆದರೆ ಪಾಲ್‌ನಲ್ಲೇ ಒಳಪಂಗಡಗಳಿವೆ. ಇಂಗ್ಲೆಂಡಿನಲ್ಲಿ ಶಬ್ದವನ್ನು ಚಿತ್ರದಿಂದ 6 ಮೆಗಾಹರ್ಟ್ಸ್ ದೂರದಲ್ಲಿ ಇಡುತ್ತಾರೆ. ನಮ್ಮಲ್ಲಿ 5.5 ಮೆಗಾಹರ್ಟ್ಸ್. ನಿಮ್ಮ ಹಾಲ್‌ನ ಟಿವಿ 5.5ರಲ್ಲಿ ಕಿವಿ ಇಟ್ಟು ಕೂತಿತ್ತು, ಶಬ್ದ ಪಕ್ಕದ ಬೀದಿಯಲ್ಲಿ ಹೋಗುತ್ತಿತ್ತು. ಬರೀ ಸ್‌ಸ್ ಅನ್ನುವ ಸದ್ದು ಬಂದಿರಬೇಕು, ಅದಕ್ಕೇ ಮನೆಯಲ್ಲಿ ಯಾರೋ ವಾಲ್ಯೂಮ್ ಪೂರ್ತಿ ಇಳಿಸಿರಬೇಕು. ಆ ಕಾಲದಲ್ಲಿ ಇಂಗ್ಲೆಂಡಿನಿಂದ ಟಿವಿ, ವಿಸಿಆರ್ ತಂದ ಎಷ್ಟೋ ಮನೆಗಳಲ್ಲಿ ಇದೇ ಕತೆ. ರಿಪೇರಿಯವರನ್ನು ಕರೆಸಿ "ಸೌಂಡ್ ಮಾರ್ಪಾಡು" ಮಾಡಿಸಿಕೊಳ್ಳುತ್ತಿದ್ದರು. ನಿಮ್ಮ ಚಿಕ್ಕಪ್ಪ ಮಾಡಿಸಲಿಲ್ಲ, ಅದರಿಂದ ನಿಮಗೆ ಲೋಲಾ ಪಾತ್ರ ಸಿಕ್ಕಿತು!

ಇನ್ನು ಮುಖ. ಈ ಆಟ ಮಾಡಿದ್ದು ಅಮೆರಿಕದ ಸಿನಿಮಾವೇರ್ ಕಂಪನಿ, ಬರೆದವರು ಡಗ್ ಶಾರ್ಪ್. ಮೊದಲು ಮ್ಯಾಕಿಂಟಾಶ್‌ನಲ್ಲಿ ಕಪ್ಪು ಬಿಳುಪಿನಲ್ಲಿ ಬಂತು, ಆಮೇಲೆ 1987ರಲ್ಲಿ ಅಮಿಗಾದಲ್ಲಿ ಬಣ್ಣ ಹಚ್ಚಿಕೊಂಡು ಬಂತು. ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ. ಅಲ್ಲಿಯ ಅಮಿಗಾ ಪರದೆ ತುಂಬಲು 200 ಗೆರೆ ಸಾಕು, ಅದಕ್ಕೇ ಅಲ್ಲಿನ ಆಟಗಳಲ್ಲಿ ಹೆಚ್ಚಿನವನ್ನು 200 ಗೆರೆಗೆ ಬಿಡಿಸುತ್ತಿದ್ದರು. ಪಾಲ್ ಅಮಿಗಾದಲ್ಲಿ ಪರದೆ ತುಂಬಲು 256 ಗೆರೆ ಬೇಕು. 200 ಗೆರೆಯ ಚಿತ್ರವನ್ನು ಅಲ್ಲಿ ಹಾಕಿದರೆ ಕೆಳಗಡೆ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಕಪ್ಪಾಗಿ ಖಾಲಿ ಉಳಿಯುತ್ತದೆ, ಚಿತ್ರ ಅಷ್ಟೂ ಕುಗ್ಗಿ ಕೂರುತ್ತದೆ. ಎಲ್ಲರ ಮುಖವೂ ರೊಟ್ಟಿಯ ಹಾಗೆ ಅಗಲ. ಟಿವಿಯ ಕೆಳಗೆ ಕಪ್ಪು ಪಟ್ಟಿ ಇತ್ತಾ ಅಂತ ಅಣ್ಣನನ್ನು ಕೇಳಿ ನೋಡಿ. ಈಗ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಎನ್‌ಟಿಎಸ್‌ಸಿಗೆ ಹೊಂದಿಸಿದ ಪ್ರತಿ ಇರಬೇಕು. ಚಿತ್ರ ಬರೆದವರು ಮನಸ್ಸಿನಲ್ಲಿಟ್ಟುಕೊಂಡಿದ್ದ ಪಿಂಕಿ ಈ ಉದ್ದ ಮುಖದವನೇ. ನಿಮ್ಮವನು ಪಾಲ್ ಪಿಂಕಿ.

ವೇಗವೂ ಅದೇ ಜಾಡು. ಅಮೆರಿಕದ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ನಮ್ಮದು, ಇಂಗ್ಲೆಂಡಿನದು 50 ಸಲ. ಪರದೆಯ ಬಡಿತ ಎಣಿಸಿಕೊಂಡು ಓಡುವ ಸಂಗೀತ, ಅನಿಮೇಶನ್ ಎಲ್ಲ ಪಾಲ್‌ನಲ್ಲಿ ಸುಮಾರು 17 ಶೇಕಡಾ ನಿಧಾನ ಆಗುತ್ತವೆ. ಇದರ ಮೇಲೆ ಫ್ಲಾಪಿ. ಅಮಿಗಾ ಒಂದು ಡಿಸ್ಕನ್ನು ಪೂರ್ತಿ ಓದಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಿತ್ತು, ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಕರ್ ಕರ್ ಅಂತ ಕಾಯಿಸುತ್ತಿತ್ತು. ಈಗಿನ ಎಮ್ಯುಲೇಟರುಗಳಲ್ಲಿ, ಅಂದರೆ ಹಳೆಯ ಯಂತ್ರದ ಹಾಗೆ ನಟಿಸುವ ತಂತ್ರಾಂಶಗಳಲ್ಲಿ, ಫ್ಲಾಪಿಗೆ ಟರ್ಬೊ ವೇಗ ಅಂತ ಒಂದು ಆಯ್ಕೆ ಇರುತ್ತದೆ. ಕಾಯುವುದೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು ಅಂತ ನೀವು ಬೇಜಾರು ಮಾಡಿಕೊಂಡಿದ್ದೀರಿ. ಆಟ ಆಗಲೂ ಚಿಕ್ಕದೇ. ಸಿನಿಮಾವೇರ್‌ನವರ ಉದ್ದೇಶವೇ ಅದು: ಒಂದು ಸಂಜೆಯಲ್ಲಿ ಒಂದು ಸಿನಿಮಾ ನೋಡಿ ಎದ್ದ ಹಾಗೆ ಆಗಬೇಕು, ನಾಳೆ ಬಂದು ಬೇರೆ ಸಿನಿಮಾ ನೋಡಬೇಕು. ನಿಮ್ಮ ಮನೆಯಲ್ಲಿ ಆ ಮುಕ್ಕಾಲು ಗಂಟೆಗೆ ಫ್ಲಾಪಿ ಕಾಯುವ ಹೊತ್ತು, ಆ ಹೊತ್ತಿನಲ್ಲಿ ಅಣ್ಣತಂಗಿಯರ ಜಗಳ, ಮೌಸ್ ಯಾರ ಕೈಯಲ್ಲಿ ಅನ್ನುವ ಪಂಚಾಯಿತಿ ಎಲ್ಲ ಸೇರಿ ಒಂದು ಮಧ್ಯಾಹ್ನ ಆಗುತ್ತಿತ್ತು.

ಈಗ ನಿಮ್ಮ ಅಣ್ಣನ ಮಾತಿಗೆ ಬರೋಣ. ನನಗೆ ಅತಿ ಇಷ್ಟವಾದ ಭಾಗ ಇದೇ, ಸ್ವಲ್ಪ ಉದ್ದ ಹೇಳಿದರೆ ಬೇಸರ ಬೇಡ.

"ಕಂಪ್ಯೂಟರು ನಮ್ಮ ಬುದ್ಧಿ ನೋಡುತ್ತದೆ" ಅನ್ನುವುದು ಅರ್ಧ ಸರಿ. ಅದಕ್ಕೆ ನಿಮ್ಮ ಬುದ್ಧಿ ಕಾಣುವುದಿಲ್ಲ, ನೀವು ಮಾಡಿದ ಕೆಲಸದ ಲೆಕ್ಕ ಮಾತ್ರ ಕಾಣುತ್ತದೆ. ಡಗ್ ಶಾರ್ಪ್ ಈ ಆಟಕ್ಕಾಗಿ ಒಂದು ಕತೆ ಹೆಣೆಯುವ ಯಂತ್ರ ಬರೆದರು, ಅದಕ್ಕೆ ಡ್ರಾಮಟಾನ್ ಅಂತ ಹೆಸರಿಟ್ಟರು. ಅದಕ್ಕೂ ಮುಂಚೆ 1984ರಲ್ಲಿ ಅವರು ಒಬ್ಬ ಗೆಳೆಯರ ಜೊತೆ ಚಿಪ್‌ವಿಟ್ಸ್ ಅನ್ನುವ ಆಟ ಮಾಡಿದ್ದರು. ಅದರಲ್ಲಿ ಆಡುವವರೇ ಒಂದು ರೋಬೋಟಿಗೆ ಪ್ರೋಗ್ರಾಮ್ ಬರೆಯಬೇಕು. ಅಂಥ ತಲೆಯವರು ಗ್ಯಾಂಗ್‌ಸ್ಟರ್ ಕತೆ ಬರೆಯಲು ಕೂತರೆ ನೇರ ಕತೆ ಬರೆಯುತ್ತಾರಾ? ಅವರು ಕತೆಯನ್ನು ಚೂರು ಚೂರು ಮಾಡಿದರು. ಒಂದೊಂದು ಚೂರಿಗೂ ಒಂದು ಚೀಟಿ: ಈ ದೃಶ್ಯ ಬರಬೇಕಾದರೆ ದುಡ್ಡು ಇಷ್ಟಿರಬೇಕು, ಲೋಲಾ ಮುನಿಸಿಕೊಂಡಿರಬೇಕು, ಗ್ಯಾಂಗಿನ ಹುಡುಗರಿಗೆ ಪಿಂಕಿಯ ಮೇಲೆ ನಂಬಿಕೆ ಕಮ್ಮಿ ಆಗಿರಬೇಕು, ಹೀಗೆ. ಆಟ ಒಳಗೊಳಗೇ ಈ ಅಂಕಿಗಳನ್ನು ಇಟ್ಟುಕೊಂಡಿರುತ್ತದೆ. ಒಂದು ದೃಶ್ಯ ಮುಗಿದ ತಕ್ಷಣ, ಈಗಿನ ಪರಿಸ್ಥಿತಿಗೆ ಹೆಚ್ಚು ಒಪ್ಪುವ ಚೂರು ಯಾವುದು ಅಂತ ಹುಡುಕಿ ಅದನ್ನು ಹಾಕುತ್ತದೆ.

ಹರಿಕಥೆ ದಾಸರನ್ನು ನೆನೆಸಿಕೊಳ್ಳಿ. ಕಥೆ ಒಂದೇ. ಆದರೆ ಇವತ್ತಿನ ಸಭೆಯಲ್ಲಿ ಮುದುಕರು ಜಾಸ್ತಿಯಾ, ಮಕ್ಕಳು ಜಾಸ್ತಿಯಾ, ಜನ ತೂಕಡಿಸುತ್ತಿದ್ದಾರಾ ಅಂತ ನೋಡಿಕೊಂಡು ಚೀಲದಿಂದ ಒಂದು ಉಪಕಥೆ ತೆಗೆಯುತ್ತಾರೆ. ಡ್ರಾಮಟಾನ್ ಮಾಡುವುದೂ ಇದನ್ನೇ. ದಾಸರಿಗೆ ಇಲ್ಲದ ಒಂದು ಕೊರತೆ ಅದಕ್ಕಿದೆ: ಚೀಲದಲ್ಲಿ ಇರುವಷ್ಟೇ ಉಪಕಥೆ. ಹೊಸದು ಹುಟ್ಟುವುದಿಲ್ಲ. ಹದಿನೈದು ಇಪ್ಪತ್ತು ಸಲ ಆಡಿದರೆ "ಇದು ನೋಡಿದ್ದೇ" ಅನ್ನಿಸಲು ಶುರುವಾಗುತ್ತದೆ. ಇವತ್ತಿನ ಎಐ ಜೊತೆ ಇದನ್ನು ಹೋಲಿಸಬೇಡಿ, ಎರಡರ ಕೆಲಸದ ರೀತಿಯೇ ಬೇರೆ. ಇಲ್ಲಿ ಪ್ರತಿ ಸಾಲನ್ನೂ ಒಬ್ಬ ಮನುಷ್ಯ ಕೂತು ಬರೆದಿದ್ದಾನೆ.

ಇನ್ನೊಂದು ಕೈಚಳಕ ಇದೆ. ಪಾತ್ರಗಳ ತಲೆಯ ಮೇಲೆ ಯೋಚನೆಯ ಗುಳ್ಳೆಗಳು ಬರುತ್ತಿದ್ದವು, ನೆನಪಿದೆಯಾ? ಅದರಲ್ಲಿ ಒಂದನ್ನು ಒತ್ತಬೇಕು. ತಡ ಮಾಡಿದರೆ ಆಟ ಕಾಯುವುದಿಲ್ಲ, ನಿಮ್ಮ ಮೌನವನ್ನೇ ಉತ್ತರ ಅಂತ ತೆಗೆದುಕೊಂಡು ಮುಂದೆ ಹೋಗುತ್ತದೆ. ಇಂಗ್ಲಿಷ್ ಅರ್ಧ ಅರ್ಥವಾಗುವ ಇಬ್ಬರು ಮಕ್ಕಳು ಆ ಗುಳ್ಳೆ ಓದಿ, ಕನ್ನಡಕ್ಕೆ ತಿರುಗಿಸಿ, ಜಗಳ ಆಡಿ ಒತ್ತುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ನೀವು ಒತ್ತದೇ ಇದ್ದ ಎಷ್ಟೋ ಕಡೆ ಕತೆ ತಾನೇ ಒಂದು ಕಡೆ ಹೊರಳಿರಬೇಕು. ಯಾರೂ ಒತ್ತಲಿಲ್ಲ, ಆದರೂ ಕತೆ ತಿರುಗಿತು ಅಂದರೆ "ಅದು ನಮ್ಮನ್ನು ನೋಡ್ತಿದೆ" ಅಂತ ಅನ್ನಿಸದೆ ಇರುತ್ತಾ? ಈಗ ಇಂಗ್ಲಿಷ್ ಬರುತ್ತದೆ, ಠಪ್ಪನೆ ಒತ್ತುತ್ತೀರಿ. ಆಗ ಕಾಣುತ್ತಿದ್ದ ಕೆಲವು ದಾರಿಗಳು ಈಗ ಕಾಣದೇ ಇರಲು ಇದೂ ಒಂದು ಕಾರಣ ಇರಬಹುದು. ಒಮ್ಮೆ ಬೇಕೆಂದೇ ತಡ ಮಾಡಿ ಆಡಿ ನೋಡಿ.

ಆಟದ ಉಳಿದ ಭಾಗಗಳ ಬಗ್ಗೆ ನಾನು ಅಷ್ಟು ಮರುಳಾಗಿಲ್ಲ. ಗುಂಡು ಹಾರಿಸುವ ತುಣುಕುಗಳು ತೆಳು. ಆಫೀಸಿನಲ್ಲಿ ಕೂತು ದುಡ್ಡು ಹಂಚುವ ಭಾಗ, ಯಾರಿಗೆ ಎಷ್ಟು ಲಂಚ, ಯಾವ ಧಂಧೆಗೆ ಎಷ್ಟು ಅನ್ನುವುದು, ಮಕ್ಕಳಾಗಿದ್ದಾಗ ನೀವಿಬ್ಬರೂ ದಾಟಿಸಿಬಿಟ್ಟಿರುತ್ತೀರಿ. ನಿಜವಾಗಿ ಕತೆಯ ಅಂಕಿಗಳು ಏರಿಳಿಯುವುದು ಅಲ್ಲೇ. ಸಲಹೆ ಕೊಡುವ ಬೆನ್ ಹೇಳುವುದನ್ನು ಈ ಸಲ ಕೇಳಿಸಿಕೊಳ್ಳಿ.

ಶಿಕಾಗೋದ ನಿಜವಾದ ಗ್ಯಾಂಗ್‌ಸ್ಟರ್ ದೊರೆ ಅಲ್ ಕಾಪೋನ್ ಬಗ್ಗೆಯೂ ಒಂದು ಮಾತು. ಈ ಆಟ ಆಡಿದವರಲ್ಲಿ ಎಷ್ಟೋ ಜನ ಅದನ್ನು "ಅಲ್ ಕಾಪೋನ್ ಆಟ" ಅಂತಲೇ ನೆನಪಿಟ್ಟುಕೊಂಡಿದ್ದಾರೆ. ನೀವು ಆಡುವುದು ಪಿಂಕಿ ಕ್ಯಾಲಹನ್ ಆಗಿ, ಅದು ಕಲ್ಪನೆಯ ಪಾತ್ರ. ಕತೆ ಶುರುವಾಗುವುದೇ ಕಾಪೋನ್ ಜೈಲಿಗೆ ಹೋದ ಮೇಲೆ. ಖಾಲಿಯಾದ ಕುರ್ಚಿಗೆ ಯಾರು ಅನ್ನುವುದೇ ಆಟ. ಪಿಂಕಿ ಮೊದಲು ತನ್ನದೇ ನಾರ್ತ್‌ಸೈಡ್ ಗ್ಯಾಂಗಿನ ಮುದುಕ ಯಜಮಾನನನ್ನು ಪಕ್ಕಕ್ಕೆ ಸರಿಸಬೇಕು, ಆಮೇಲೆ ಸೌತ್‌ಸೈಡ್ ಗ್ಯಾಂಗನ್ನು ಮಣಿಸಬೇಕು. ಇತಿಹಾಸದಲ್ಲಿ ಕಾಪೋನ್‌ಗೆ 1931ರ ಅಕ್ಟೋಬರಿನಲ್ಲಿ ತೆರಿಗೆ ತಪ್ಪಿಸಿದ್ದಕ್ಕೆ 11 ವರ್ಷದ ಶಿಕ್ಷೆ ಆಯಿತು, ಅದು ನಿಜ. ಆದರೆ ಆ ಹೊತ್ತಿಗೆ ನಿಜವಾದ ನಾರ್ತ್‌ಸೈಡ್ ಗ್ಯಾಂಗಿನ ಬೆನ್ನು ಮುರಿದಿತ್ತು. 1929ರ ಫೆಬ್ರವರಿ 14ರಂದು ಅವರ ಕಡೆಯ ಏಳು ಜನರನ್ನು ಗ್ಯಾರೇಜಿನಲ್ಲಿ ಗೋಡೆಗೆ ನಿಲ್ಲಿಸಿ ಕೊಂದಿದ್ದರು. ಕಾಪೋನ್ ನಂತರ ಅವನ ಗುಂಪಿನ ಮುಂದಾಳು ಅಂತ ಹೊರಗೆ ಕಾಣಿಸಿಕೊಂಡವನು ಫ್ರಾಂಕ್ ನಿಟ್ಟಿ. 1933ರ ಡಿಸೆಂಬರಿನಲ್ಲಿ ಪಾನನಿಷೇಧವೇ ಹೋಯಿತು. ಅಂದರೆ ಪಿಂಕಿ ಗೆದ್ದು ರಾಜ ಆಗುವ ಆ ರಾಜ್ಯ, ಕಳ್ಳಸಾರಾಯಿಯ ರಾಜ್ಯ, ಹೆಚ್ಚು ದಿನ ಬಾಳುವುದಾಗಿರಲಿಲ್ಲ. ಆಟ ಇತಿಹಾಸವನ್ನು ನೋಡಿ ಮಾಡಿದ್ದಲ್ಲ, 1930ರ ದಶಕದ ಹಾಲಿವುಡ್ ಗ್ಯಾಂಗ್‌ಸ್ಟರ್ ಚಿತ್ರಗಳನ್ನು ನೋಡಿ ಮಾಡಿದ್ದು. ಕ್ಲಾಸಿನಲ್ಲಿ ಪಾಠಕ್ಕೆ ಬಳಸುವ ಯೋಚನೆ ಇದ್ದರೆ ಅದು ತಲೆಯಲ್ಲಿರಲಿ.

ಸರಿ, ಅಟ್ಟದ ಮೇಲಿನ ಡಬ್ಬ. ದಯವಿಟ್ಟು ಇವತ್ತೇ ಇಳಿಸಿ ಪ್ಲಗ್ ಹಾಕಬೇಡಿ. ಇದೊಂದೇ ಮಾತನ್ನು ನಾನು ಗಟ್ಟಿಯಾಗಿ ಹೇಳುವುದು.

ಕಾರಣ ಎರಡು. ಅಮಿಗಾ 500ನ್ನು ತಿರುಗಿಸಿ ನೋಡಿ, ಹೊಟ್ಟೆಯಲ್ಲಿ ಒಂದು ಮುಚ್ಚಳ ಇದೆ. ಅದರೊಳಗೆ ಎ501 ಅನ್ನುವ ಮೆಮೊರಿ ಕಾರ್ಡು ಇದ್ದರೆ ಅದರ ಮೇಲೆ ಗಡಿಯಾರಕ್ಕಾಗಿ ಒಂದು ಪುಟ್ಟ ರೀಚಾರ್ಜ್ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಮೂವತ್ತೈದು ವರ್ಷದಲ್ಲಿ ಅದು ಸೋರಿರುವ ಸಂಭವ ತುಂಬಾ ಹೆಚ್ಚು. ಆ ರಸ ಕ್ಷಾರ, ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಹಸಿರು ಬೂಷ್ಟಿನ ಹಾಗೆ ಕಾಣುತ್ತದೆ. ಕಾರ್ಡನ್ನು ಹಿಡಿದು ಎಳೆದು ತೆಗೆಯಬಹುದು, ಅದಿಲ್ಲದೆಯೂ ಕಂಪ್ಯೂಟರು ಓಡುತ್ತದೆ, ಆದರೆ ಕೆಲವು ಆಟಗಳಿಗೆ ಮೆಮೊರಿ ಸಾಲುವುದಿಲ್ಲ. ಎರಡನೆಯದು, ಆ ಇಟ್ಟಿಗೆಯಂಥ ಪವರ್ ಸಪ್ಲೈ. ಒಳಗಿನ ಕೆಪಾಸಿಟರ್‌ಗಳು ಒಣಗಿದ್ದರೆ ವೋಲ್ಟೇಜ್ ಎತ್ತೆತ್ತಲೋ ಹೋಗುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲವರ ಹತ್ತಿರ ಲೋಡ್ ಕೊಟ್ಟು ಅಳೆಸಿ, 5 ಮತ್ತು 12 ವೋಲ್ಟ್ ಸರಿಯಾಗಿ ಬಂದರೆ ಮಾತ್ರ ಮುಂದಿನ ಹೆಜ್ಜೆ.

ಡಿಸ್ಕುಗಳ ಬಗ್ಗೆ ಜನರಲ್ಲಿ ಎರಡು ಅತಿ ನಂಬಿಕೆಗಳಿವೆ. ಹಳೆಯ ಫ್ಲಾಪಿ ಅಂದರೆ ಸತ್ತೇ ಹೋಗಿರುತ್ತದೆ ಅನ್ನುವವರು ಒಂದು ಕಡೆ, ಒಳ್ಳೆ ಕಂಪನಿ ಡಿಸ್ಕು ಏನೂ ಆಗಲ್ಲ ಅನ್ನುವವರು ಇನ್ನೊಂದು ಕಡೆ. ನನ್ನ ಅನುಭವದಲ್ಲಿ ಅಮಿಗಾ ಬಳಸುತ್ತಿದ್ದ ಡಬಲ್ ಡೆನ್ಸಿಟಿ ಡಿಸ್ಕುಗಳು ಆಮೇಲೆ ಬಂದ 1.44 ಎಂಬಿ ಡಿಸ್ಕುಗಳಿಗಿಂತ ಚೆನ್ನಾಗಿ ಬಾಳಿವೆ. ಅವುಗಳಲ್ಲಿ ಮಾಹಿತಿಯನ್ನು ಅಷ್ಟು ಒತ್ತಾಗಿ ತುಂಬಿರುವುದಿಲ್ಲ. ಅವುಗಳ ಶತ್ರು ವಯಸ್ಸಿಗಿಂತ ಜಾಸ್ತಿ ತೇವ. ಮಳೆಗಾಲದಲ್ಲಿ ಅಟ್ಟ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಲೋಹದ ಚಿಲಕ ಸರಿಸಿ ಒಳಗಿನ ಕಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಗೆರೆ ಕಂಡರೆ ಅದು ಬೂಷ್ಟು. ಅದನ್ನು ಡ್ರೈವಿಗೆ ಹಾಕಲೇಬೇಡಿ. ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೇ ಈ ಎಡವಟ್ಟು ಮಾಡಿದ್ದೇನೆ. ಬೂಷ್ಟು ಹಿಡಿದ ಒಂದು ಡಿಸ್ಕನ್ನು ಅವಸರದಲ್ಲಿ ಓದಿಸಿದೆ. ಕೊಳೆ ಡ್ರೈವಿನ ಹೆಡ್ಡಿಗೆ ಅಂಟಿತು. ಅದು ಗೊತ್ತಾಗುವ ಮೊದಲು ಹಾಕಿದ ಮುಂದಿನ ಡಿಸ್ಕು, ಅದು ಚೆನ್ನಾಗಿಯೇ ಇತ್ತು, ಗುಂಡಗೆ ಗೆರೆ ಬಿದ್ದು ಹಾಳಾಯಿತು. ಅದು ಒಬ್ಬರ ತೀರಿಹೋದ ತಂದೆಯ ಲೆಕ್ಕದ ಡಿಸ್ಕು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಿಸ್ಕು ಚೊಕ್ಕ ಇದ್ದರೂ ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವು ತಂದರೆ ದುಡ್ಡು ದಂಡ. ಅದು "ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲಾ?" ಅಂತ ಕೇಳುತ್ತದೆ. ಎಷ್ಟೋ ಜನ ಹೂಂ ಅಂದು ಡಿಸ್ಕು ಕಳಕೊಂಡಿದ್ದಾರೆ. ಅಸಲಿಗೆ ಡಿಸ್ಕಿನಲ್ಲಿ ದೋಷ ಇರುವುದಿಲ್ಲ. ಪಿಸಿ ಒಂದು ಸುತ್ತಿನಲ್ಲಿ 9 ಭಾಗ ಬರೆದು 720 ಕೆಬಿ ಹಿಡಿಸಿದರೆ, ಅಮಿಗಾ ಅದೇ ಸುತ್ತಿನಲ್ಲಿ 11 ಭಾಗ ಒತ್ತಿ 880 ಕೆಬಿ ಹಿಡಿಸುತ್ತಿತ್ತು. ಯುಎಸ್‌ಬಿ ಡ್ರೈವಿಗೆ ಪಿಸಿಯ ಬರಹ ಬಿಟ್ಟು ಬೇರೆ ಓದಲು ಬರುವುದಿಲ್ಲ. ಅದಕ್ಕೆ ಗ್ರೀಸ್‌ವೀಸಲ್ ಅನ್ನುವ ಸಣ್ಣ ಸರ್ಕ್ಯೂಟ್ ಬೋರ್ಡು ಇದೆ. ಹಳೆಯ ಪಿಸಿಯಿಂದ ಕಳಚಿದ ಮಾಮೂಲಿ ಮೂರೂವರೆ ಇಂಚಿನ ಡ್ರೈವಿಗೆ ಜೋಡಿಸಿದರೆ, ಅಕ್ಷರ ಓದುವ ಗೋಜಿಗೆ ಹೋಗದೆ ತಟ್ಟೆಯ ಮೇಲಿನ ಕಾಂತದ ಏರಿಳಿತವನ್ನೇ ಹಾಗೇ ನಕಲು ತೆಗೆಯುತ್ತದೆ. ಮೂಲ ಡಿಸ್ಕಿಗೆ ಇದು ಮುಖ್ಯ. ಆ ಕಾಲದ ಎಷ್ಟೋ ಆಟಗಳಲ್ಲಿ ನಕಲು ತಡೆಯಲು ಬೇಕೆಂದೇ ತಪ್ಪಾಗಿ ಬರೆದ ಸುತ್ತುಗಳು ಇರುತ್ತಿದ್ದವು. ಎಡಿಎಫ್ ಅನ್ನುವ ಸಾಮಾನ್ಯ ಕಡತದಲ್ಲಿ ಅವು ಉಳಿಯುವುದಿಲ್ಲ, ಎಸ್‌ಸಿಪಿ ಅಥವಾ ಐಪಿಎಫ್ ಕಡತ ಬೇಕು. ಓದುವ ಮೊದಲು ಮೂಲೆಯ ಪುಟ್ಟ ಗುಬಟು ಸರಿಸಿ ತೂತು ತೆರೆದಿಡಿ. ತೂತು ತೆರೆದಿದ್ದರೆ ಡಿಸ್ಕಿನ ಮೇಲೆ ಯಾರೂ ಬರೆಯಲಾರರು.

ಕೈಯಲ್ಲಿ ಹೆಸರು ಬರೆದ ಕಾಪಿಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ವೈರಸ್ ಇರುವ ಸಾಧ್ಯತೆ ಇದೆ, ಅಮಿಗಾ ವೈರಸ್. 1987ರ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಒಂದು ಗುಂಪು ಎಸ್‌ಸಿಎ ಅನ್ನುವುದನ್ನು ಹರಿಯಬಿಟ್ಟಿತು. ಕೈಯಿಂದ ಕೈಗೆ ಹೋಗುವ ಕಾಪಿಗಳಲ್ಲಿ ಅದು ಊರೂರು ಸುತ್ತಿತು. ಆಗಾಗ ಪರದೆಯ ಮೇಲೆ "ಏನೋ ಅದ್ಭುತ ನಡೆದಿದೆ, ನಿಮ್ಮ ಅಮಿಗಾಗೆ ಜೀವ ಬಂದಿದೆ" ಅನ್ನುವ ಅರ್ಥದ ಮಾತು ತೋರಿಸುತ್ತಿತ್ತು. ಅಂಥದ್ದೇನಾದರೂ ನೋಡಿದ ನೆನಪಿದ್ದರೆ ನಿಮ್ಮ ಅಣ್ಣನ ನಂಬಿಕೆಗೆ ಇನ್ನೊಂದು ಮೂಲ ಸಿಕ್ಕಿದ ಹಾಗೆ! ಇದು ನಿಮ್ಮ ಲ್ಯಾಪ್‌ಟಾಪಿಗೆ ಏನೂ ಮಾಡಲಾರದು. ಬೇರೆ ಪ್ರೊಸೆಸರಿನ ಭಾಷೆಯಲ್ಲಿ ಬರೆದದ್ದು, ವಿಂಡೋಸ್‌ಗೆ ಅದು ತಲೆಬುಡ ಅರ್ಥವಾಗುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನ ಅಪಾಯ ಬೇರೆ ಕಡೆ ಇದೆ. ನೀವು ಇಳಿಸಿಕೊಂಡದ್ದು ಬರೀ ಡಿಸ್ಕಿನ ಕಡತವಾ, ಅಥವಾ ಒತ್ತಿದ ತಕ್ಷಣ ಓಡುವ ಇಎಕ್ಸ್‌ಇಯಾ? ಎರಡನೆಯದಾಗಿದ್ದರೆ ಅಳಿಸಿ, ಒಮ್ಮೆ ಆಂಟಿವೈರಸ್ ಓಡಿಸಿ. ಹಳೆಯ ಆಟದ ಹೆಸರಿನಲ್ಲಿ ಕೆಟ್ಟ ತಂತ್ರಾಂಶ ಹಂಚುವುದು ಮಾಮೂಲಿ ದಾರಿ. ಇನ್ನು, ಕಂಪನಿ ಮುಚ್ಚಿತು, ಆದ್ದರಿಂದ ಆಟ ಎಲ್ಲರದು ಅನ್ನುವ ಮಾತನ್ನು ಆ ಸೈಟುಗಳು ಹೇಳುತ್ತವೆ. ಸಿನಿಮಾವೇರ್ 1991ರಲ್ಲಿ ಬಾಗಿಲು ಹಾಕಿದ್ದು ನಿಜ, ಆದರೆ ಹಕ್ಕುಗಳು ಸಾಯಲಿಲ್ಲ, ಕೈ ಬದಲಾದವು. ಕಾನೂನಿನಲ್ಲಿ "ಬಿಟ್ಟುಹೋದ ಆಟ" ಅನ್ನುವ ವರ್ಗವೇ ಇಲ್ಲ. ನಿಮ್ಮದೇ ಡಿಸ್ಕಿನ ನಕಲು ಬೇರೆ ವಿಷಯ: ಸರಿಯಾಗಿ ಕೊಂಡ ತಂತ್ರಾಂಶಕ್ಕೆ, ಹಾಳಾದೀತು ಅನ್ನುವ ಎಚ್ಚರಿಕೆಗೆ ಬ್ಯಾಕಪ್ ಮಾಡಿಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಇಷ್ಟೆಲ್ಲ ರಗಳೆ ಬೇಡ, ಮಗನ ಜೊತೆ ಒಂದು ಭಾನುವಾರ ಆಡಿದರೆ ಸಾಕು ಅನ್ನುವುದಾದರೆ, 2014ರಲ್ಲಿ ಆನ್‌ಲೈನ್ ಆಟದಂಗಡಿ ಸ್ಟೀಮ್‌ಗೆ 'ಸಿನಿಮಾವೇರ್ ಆಂಥಾಲಜಿ' ಅನ್ನುವ ಸಂಗ್ರಹ ಬಂತು. ಅದರಲ್ಲಿ ಈ ಆಟದ ಅಮಿಗಾ ಆವೃತ್ತಿ ಇದೆ. ಹಳೆಯ ಪಿಸಿಯ ಡಾಸ್ ಆವೃತ್ತಿಯೂ ಇತ್ತು, ಅದರ ಬಣ್ಣ ನೋಡಿದರೆ ನಿಮಗೆ ಇನ್ನೂ ಬೇಜಾರಾಗುತ್ತದೆ, ಬಿಟ್ಟುಬಿಡಿ. ನಿಮ್ಮ ಬಾಲ್ಯದ ಆ ಪಿಂಕಿಯೇ ಬೇಕು ಅಂದರೆ ಡಿಸ್ಕಿನ ನಕಲು ತೆಗೆಸಿ, ವಿನ್‌ಯುಎಇ ಅನ್ನುವ ಎಮ್ಯುಲೇಟರ್ ಹಾಕಿಕೊಳ್ಳಿ. ಅದಕ್ಕೆ ಕಿಕ್‌ಸ್ಟಾರ್ಟ್ ಅನ್ನುವ ಅಮಿಗಾದ ಮೂಲ ತಂತ್ರಾಂಶ ಬೇಕು, ಅದಕ್ಕೂ ಹಕ್ಕುದಾರರಿದ್ದಾರೆ. 'ಅಮಿಗಾ ಫಾರೆವರ್' ಅನ್ನುವ ಪ್ಯಾಕೇಜು ಕೊಂಡರೆ ಅದರ ಜೊತೆಯಲ್ಲೇ ಸಿಗುತ್ತದೆ. ಯಂತ್ರ ಅಮಿಗಾ 500, ಕಿಕ್‌ಸ್ಟಾರ್ಟ್ 1.2 ಅಥವಾ 1.3. ಎನ್‌ಟಿಎಸ್‌ಸಿ ಗುರುತು ತೆಗೆದುಹಾಕಿ. ಫ್ಲಾಪಿ ವೇಗ ಟರ್ಬೊದಿಂದ 100 ಶೇಕಡಾಕ್ಕೆ ಇಳಿಸಿ. ಶಬ್ದ ಆಫ್ ಮಾಡಿ. ಮುಖ ಗುಂಡಗಾಗುತ್ತದೆ.

ಯಂತ್ರವನ್ನೇ ಎಬ್ಬಿಸುವ ಆಸೆ ಇದ್ದರೆ ಅದು ಖರ್ಚಿನ ದಾರಿ, ಬಿಡಿಭಾಗ ಹೊರದೇಶದಿಂದ ತರಿಸಬೇಕು. ಚಿಕ್ಕಪ್ಪನ ನೆನಪಿಗೆ ಅಂತ ಮಾಡಿದರೆ ನಾನು ಬೇಡ ಅನ್ನುವುದಿಲ್ಲ. ಆಟ ಆಡಲಿಕ್ಕೆ ಮಾತ್ರ ಅಂದರೆ ಬೇಡ.

ಮಗನ ವಿಷಯ. ಗುಂಡು, ಬಾಂಬು, ಲಂಚ ಎಲ್ಲ ಇದೆ. ಚಿತ್ರಗಳು ಇವತ್ತಿನ ಆಟಗಳ ಮುಂದೆ ಏನೂ ಅಲ್ಲ, 13ರ ಹುಡುಗ ಇದಕ್ಕಿಂತ ಹೆಚ್ಚು ನೋಡಿರುತ್ತಾನೆ. ನನಗೆ ಇರುಸುಮುರುಸು ಆಗುವುದು ಲೋಲಾಳನ್ನು ಬರೆದಿರುವ ರೀತಿಯಲ್ಲಿ. ಉಡುಗೊರೆ ಕೇಳುವುದು, ಮುನಿಸಿಕೊಳ್ಳುವುದು, ಪಿಂಕಿಯ ಕಿಸೆಗೆ ಭಾರ ಆಗುವುದು, ಅವಳಿಗೆ ಕೊಟ್ಟ ಕೆಲಸ ಹೆಚ್ಚೂಕಮ್ಮಿ ಇಷ್ಟೇ. ನೀವು ಕನ್ನಡದಲ್ಲಿ ಅವಳಿಗೆ ಹಾಕಿದ ಮಾತುಗಳು ಇದಕ್ಕಿಂತ ಚೆನ್ನಾಗಿದ್ದಿರಬೇಕು ಅಂತ ನನ್ನ ಊಹೆ. ಮಗನನ್ನು ಒಬ್ಬನೇ ಆಡಲು ಬಿಡುವುದಕ್ಕಿಂತ ಪಿಂಕಿಯ ದನಿ ಅವನಿಗೆ ಕೊಟ್ಟು ನೀವು ಪಕ್ಕದಲ್ಲಿ ಕೂತುಕೊಳ್ಳಿ.

ಡಿಸ್ಕುಗಳನ್ನು ಓದಿಸಲು ಯಾರಿಗಾದರೂ ಕೊಡುವುದಾದರೆ ಮೊದಲು ಪ್ರತಿಯೊಂದರ ಲೇಬಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ, ಮೂಲ ಮತ್ತು ಕಾಪಿಯನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ, ಸ್ಪೀಕರ್ ಹತ್ತಿರ ಇಡಬೇಡಿ. ಅಟ್ಟದಿಂದ ಇಳಿಸಿದ ಮೇಲೆ ಒಂದೆರಡು ದಿನ ಒಣ ಕೋಣೆಯಲ್ಲಿ ಹಾಗೇ ಬಿಡಿ. ಬಿಸಿಲಿಗೆ ಮಾತ್ರ ಹಾಕಬೇಡಿ.